ಕಾನೂನಿಗೆ ತಾರೀಖು ಹಾಕಿ ಕೊಡುವ ಜಾಲತಾಣ: ಲೆಜಿಸ್ಲೇಷನ್ ಡಾಟ್ ಗವ್ ಡಾಟ್ ಯುಕೆ

ದಾವಣಗೆರೆ ಕೋರ್ಟಿನಲ್ಲಿ ಜೂನಿಯರ್ ಆಗಿದ್ದೇನೆ. ನಮ್ಮ ಆಫೀಸಿಗೆ ಎಪಿಎಂಸಿ ಯಾರ್ಡಿನ ಕೇಸು ಜಾಸ್ತಿ. ಮೊನ್ನೆ ಬಂದದ್ದೂ ಮೆಕ್ಕೆಜೋಳದ್ದೇ. ಕೋಳಿ ಆಹಾರ ಮಾಡುವವರೊಬ್ಬರು ಒಂದು ಲೋಡ್ ತರಿಸಿದ್ದರು, ಚೀಲ ಬಿಚ್ಚಿದರೆ ಒಳಗೆಲ್ಲ ಬೂಷ್ಟು. 1930ರ ಸರಕು ಮಾರಾಟ ಕಾಯ್ದೆಯ 16ನೇ ಪ್ರಕರಣಕ್ಕೆ ಬರುವ ವಿಷಯ. ಅಲ್ಲಿರುವ ಮಾತು ‘ಮರ್ಚಂಟಬಲ್ ಕ್ವಾಲಿಟಿ’, ಅಂದರೆ ಮಾರುಕಟ್ಟೆಯಲ್ಲಿ ಆ ಹೆಸರಿನ ಮಾಲು ಅಂತ ಮಾರಬಹುದಾದಷ್ಟು ಗುಣಮಟ್ಟ. ನಾನು ಇಂಗ್ಲೆಂಡಿನ ಕೋರ್ಟುಗಳ ಎರಡು ತೀರ್ಪು ಹುಡುಕಿ ಇಟ್ಟೆ. ಸೀನಿಯರ್ ಓದಿ ಒಂದೇ ಪ್ರಶ್ನೆ ಕೇಳಿದರು. "ಅಲ್ಲಮ್ಮ, ಒಂದರಲ್ಲಿ ಮರ್ಚಂಟಬಲ್ ಅಂತಿದೆ, ಇನ್ನೊಂದರಲ್ಲಿ ಸ್ಯಾಟಿಸ್‌ಫ್ಯಾಕ್ಟರಿ ಅಂತಿದೆ. ಅವರ ಕಾಯ್ದೆ ಯಾವಾಗ ಬದಲಾಯ್ತು?"

ಅದಕ್ಕೆ ಉತ್ತರ ಸಿಕ್ಕಿದ್ದು ಈ ಜಾಲತಾಣದಲ್ಲಿ. ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸ್‌ನವರು 2010ರಿಂದ ನಡೆಸುತ್ತಿದ್ದಾರೆ. ದುಡ್ಡಿಲ್ಲ, ಲಾಗಿನ್ ಇಲ್ಲ. 1979ರ ಅವರ ಸರಕು ಮಾರಾಟ ಕಾಯ್ದೆಯ 14ನೇ ಪ್ರಕರಣ ತೆರೆದು, ವಿಳಾಸದ ಕೊನೆಗೆ 1994ರ ಒಂದು ತಾರೀಖು ಸೇರಿಸಿದೆ. ‘ಮರ್ಚಂಟಬಲ್’ ಬಂತು. 1995ರ ತಾರೀಖು ಹಾಕಿದೆ. ಅದೇ ಜಾಗದಲ್ಲಿ ‘ಸ್ಯಾಟಿಸ್‌ಫ್ಯಾಕ್ಟರಿ’. ಬದಲಾದ ಮಾತಿಗೆ ಚೌಕ ಕಂಸ, ಪಕ್ಕದಲ್ಲಿ ಒಂದು ಸಣ್ಣ ಸಂಖ್ಯೆ. ಕೆಳಗಿನ ಟಿಪ್ಪಣಿ ನೋಡಿದರೆ ಬದಲಾಯಿಸಿದ್ದು 1994ರ ತಿದ್ದುಪಡಿ ಕಾಯ್ದೆ, ಜಾರಿಗೆ ಬಂದದ್ದು 1995ರ ಜನವರಿ 3. ಅಂದರೆ ನಮ್ಮ 16ನೇ ಪ್ರಕರಣದ ಮಾತಿಗೆ ಹೊಂದುವುದು ಹಳೆಯ ತೀರ್ಪು, ಹೊಸದಲ್ಲ. ನಮ್ಮಲ್ಲಿ ಇವತ್ತಿಗೂ ಹಳೆಯ ಮಾತೇ ಇದೆ ಅಲ್ವಾ.

ಇದು ಹೇಗೆ ಸಾಧ್ಯ ಆಯ್ತು ಅಂತ ಕುತೂಹಲ ಹುಟ್ಟಿತು. ಅವರು ಕಾಯ್ದೆಯನ್ನು ಸುಮ್ನೆ ಟೈಪ್ ಮಾಡಿದ ಪುಟವಾಗಿ ಇಟ್ಟಿಲ್ಲ, ಪ್ರತಿ ತುಂಡಿಗೂ ಗುರುತು ಹಚ್ಚುವ ಕಡತದ ರೂಪವಾದ ಎಕ್ಸ್‌ಎಂಎಲ್‌ನಲ್ಲಿ ಇಟ್ಟಿದ್ದಾರೆ. ವಿಳಾಸದ ತುದಿಗೆ ‘ಡೇಟಾ ಡಾಟ್ ಎಕ್ಸ್‌ಎಂಎಲ್’ ಅಂತ ಸೇರಿಸಿದರೆ ಅದನ್ನೂ ತೋರಿಸುತ್ತದೆ. ಯಾರ್ಡಿನಲ್ಲಿ ಪ್ರತಿ ರಾಶಿಗೂ ಲಾಟ್ ನಂಬರ್ ಇರುತ್ತದಲ್ಲ, ಯಾರ ಮಾಲು, ಯಾವತ್ತು ಬಂತು ಅಂತ ಚೀಟಿ ನೋಡಿದರೆ ಗೊತ್ತಾಗುತ್ತದಲ್ಲ, ಹಾಗೆ ಇಲ್ಲಿ ಒಂದೊಂದು ತುಂಡಿಗೂ ಟ್ಯಾಗ್ ಇದೆ: ಇದು ಪ್ರಕರಣ, ಇದು ಉಪಪ್ರಕರಣ, ಈ ಎರಡು ಪದ ಇಂಥ ತಿದ್ದುಪಡಿಯಿಂದ ಬಂದವು, ಇಂಥ ದಿನದಿಂದ ಜಾರಿ, ಸ್ಕಾಟ್ಲೆಂಡಿಗೆ ಅನ್ವಯಿಸುತ್ತದೋ ಇಲ್ಲವೋ. ಚೀಟಿ ಇದ್ದರೆ ಕಂಪ್ಯೂಟರ್ ಹುಡುಕಿ ಕೊಡುತ್ತದೆ. ಪಿಡಿಎಫ್‌ನಲ್ಲಿ ಇರುವುದು ಅಕ್ಷರ ಮಾತ್ರ.

ಇದೇ ಕೆಲಸಕ್ಕೆ ‘ಅಕೋಮಾ ಎನ್ಟೊಸೊ’ ಅಂತ ಒಂದು ಮಾನದಂಡವೂ ಇದೆ. ವಿಶ್ವಸಂಸ್ಥೆಯ ನೆರವಿನಲ್ಲಿ ಆಫ್ರಿಕಾದ ಸಂಸತ್ತುಗಳಿಗೆ ಅಂತ ಶುರುವಾದದ್ದು, 2018ರಲ್ಲಿ, ಇಂಥ ಮಾನದಂಡ ರೂಪಿಸುವ ಓಯಾಸಿಸ್ ಸಂಸ್ಥೆಯ ಮಾನದಂಡವಾಯಿತು. ಪಶ್ಚಿಮ ಆಫ್ರಿಕಾದ ಅಕಾನ್ ಭಾಷೆಯ ಹೆಸರು, ‘ಕೂಡಿಕೊಂಡ ಹೃದಯಗಳು’ ಅಂತ ಅರ್ಥ. ಈ ಜಾಲತಾಣದಲ್ಲಿ ಅದೇ ರೂಪದಲ್ಲೂ ಕಾಯ್ದೆ ಇಳಿಸಿಕೊಳ್ಳಬಹುದು.

ಇದು ನನಗೆ ಯಾಕೆ ಇಷ್ಟು ಮುಖ್ಯ ಅನಿಸಿತು ಅಂದರೆ, ಹೋದ ವರ್ಷ ನಾನು ಒಂದು ತಪ್ಪು ಮಾಡಿದ್ದೆ. ಹರಿಹರದ ಕಡೆಯಿಂದ ಒಬ್ಬರು ಜಮೀನು ಕೊಳ್ಳುವ ವಿಚಾರ ಕೇಳೋಕೆ ಬಂದಿದ್ದರು. ಸ್ವಂತ ವ್ಯಾಪಾರ, ಒಳ್ಳೆಯ ಆದಾಯ. ನಾನು ಎಲ್ಲಿಂದಲೋ ಇಳಿಸಿಕೊಂಡಿದ್ದ ಭೂಸುಧಾರಣಾ ಕಾಯ್ದೆಯ ಪಿಡಿಎಫ್ ತೆರೆದೆ. 79ಎ ಪ್ರಕರಣ ಹಾಗೇ ಇತ್ತು, ಇಂತಿಷ್ಟು ಆದಾಯ ಮೀರಿದವರು ಕೃಷಿ ಜಮೀನು ಕೊಳ್ಳುವಂತಿಲ್ಲ ಅಂತ. ಆಗೋದಿಲ್ಲ ಅಂದುಬಿಟ್ಟೆ. ಅದನ್ನು 2020ರ ತಿದ್ದುಪಡಿಯಲ್ಲೇ ತೆಗೆದುಹಾಕಿದ್ದರು. ಆ ಪಿಡಿಎಫ್‌ನ ಮೇಲೆ ಎಲ್ಲಿಯೂ ‘ಇದು ಇಂಥ ದಿನದವರೆಗಿನ ಪಾಠ’ ಅಂತ ಇರಲಿಲ್ಲ. ಸಂಜೆ ಸೀನಿಯರ್ ಫೋನ್ ಮಾಡಿ ಅವರನ್ನು ವಾಪಸ್ ಕರೆಸಿದರು. ಆ ಮನುಷ್ಯ ಅಷ್ಟರಲ್ಲಿ ಮುಂಗಡ ವಾಪಸ್ ಕೇಳೋಕೆ ಹೊರಟಿದ್ದರಂತೆ. ಆ ದಿನ ನನಗೆ ಊಟ ಸೇರಲಿಲ್ಲ.

ಜಾಲತಾಣದ ಮಿತಿಯನ್ನೂ ಹೇಳುತ್ತೇನೆ. ತಾರೀಖು ಹಾಕಿ ಹಿಂದಕ್ಕೆ ಹೋಗುವುದು 1991ರ ಫೆಬ್ರವರಿ 1ರವರೆಗೆ ಮಾತ್ರ. ಅದಕ್ಕಿಂತ ಹಿಂದಿನ ತಿದ್ದುಪಡಿಗಳಿಗೆ ಪುಸ್ತಕವೇ ಗತಿ. ಇನ್ನೂ ಸೇರಿಸದ ತಿದ್ದುಪಡಿ ಉಳಿದಿದ್ದರೆ ಪುಟದ ಮೇಲೇ ಎಚ್ಚರಿಕೆ ಹಾಕಿರುತ್ತಾರೆ, ಅದನ್ನು ಓದದೆ ಕೆಳಗೆ ಹೋಗಬೇಡಿ. ನನಗೆ ಈ ಸೈಟಿನ ಮೇಲೆ ನಂಬಿಕೆ ಬಂದದ್ದೇ ಆ ಎಚ್ಚರಿಕೆ ನೋಡಿ. ನಮ್ಮ ಸರ್ಕಾರದ ಜಾಲತಾಣ ಇಂಡಿಯಾ ಕೋಡ್‌ನಲ್ಲೂ ಕೇಂದ್ರದ ಕಾಯ್ದೆಗಳು ಪ್ರಕರಣವಾರು ಸಿಗುತ್ತವೆ, ಅಡಿಟಿಪ್ಪಣಿ ಇರುತ್ತದೆ, ನಾನು ದಿನಾ ಬಳಸುತ್ತೇನೆ. ಅದಕ್ಕೆ ಈ ತಾರೀಖಿನ ಸೌಕರ್ಯ ಸೇರಿದರೆ ಎಷ್ಟು ಚೆನ್ನ.

ಇನ್ನೊಂದು ನೋಡಿ ಮನಸ್ಸು ತುಂಬಿತು. ವೇಲ್ಸ್‌ನ ಶಾಸನಸಭೆಯ ಕಾಯ್ದೆಗಳು ಅಲ್ಲಿ ಇಂಗ್ಲಿಷ್‌ನಲ್ಲೂ ಇವೆ, ವೆಲ್ಷ್‌ನಲ್ಲೂ ಇವೆ. ಬೇಕಾದರೆ ಎರಡನ್ನೂ ಅಕ್ಕಪಕ್ಕ ಇಟ್ಟು ಓದಬಹುದು. ನಾನು ಕನ್ನಡದ ಹಳೆಯ ಕಾಯ್ದೆಯ ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ಅರ್ಜಿಯಲ್ಲಿ ಹಾಕಲು ಹೋದರೆ, ಯೂನಿಕೋಡ್ ಅಲ್ಲದ ಫಾಂಟ್ ಆದ್ದರಿಂದ, ಕೊಂಬು ಬಾಲ ಇರುವ ಇಂಗ್ಲಿಷ್ ಅಕ್ಷರಗಳ ರಾಶಿ ಬೀಳುತ್ತದೆ. ಕೊನೆಗೆ ಕೂತು ಟೈಪ್ ಮಾಡುವುದೇ. ‘ಎಂಬ ಪದಗಳ ಬದಲಿಗೆ ಪ್ರತಿಸ್ಥಾಪಿಸತಕ್ಕದ್ದು’ ಅನ್ನುವ ತಿದ್ದುಪಡಿಯನ್ನು ಮೂಲಕ್ಕೆ ಪೆನ್ಸಿಲ್‌ನಲ್ಲಿ ಸೇರಿಸಿಕೊಂಡು ಓದುವುದೇ.

ಸೀನಿಯರ್‌ಗೆ 1994ರ ಪ್ರತಿಯನ್ನೂ 1995ರ ಪ್ರತಿಯನ್ನೂ ಪ್ರಿಂಟ್ ತೆಗೆದು ಕೊಟ್ಟೆ. ಎರಡನ್ನೂ ಫೈಲಿಗೆ ಸೇರಿಸಿ, "ನಮ್ಮ ಭೂಸುಧಾರಣಾ ಕಾಯ್ದೆಗೆ ಹಿಂಗೆ ಮಾಡಿದ್ರೆ ನೀನು ಯಾವ ತಾರೀಖು ಹಾಕ್ತೀಯಮ್ಮ?" ಅಂತ ಕೇಳಿದರು. ನಾನು ಯೋಚಿಸಲೇ ಇಲ್ಲ, 1974ರ ಮಾರ್ಚ್ 1 ಅಂದೆ. ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿದ ದಿನ ಅದು. ಚನ್ನಗಿರಿ ಕಡೆಯ ಹಳೆಯ ಗೇಣಿ ಫೈಲು ಇನ್ನೂ ನಮ್ಮ ಬೀರುವಿನಲ್ಲಿದೆ, ಅದರ ಮೊದಲ ಹಾಳೆಯಲ್ಲೇ ಆ ತಾರೀಖಿದೆ.