ಹಾರರ್ ಟ್ರೇಲರ್ ಮಾಡುವ ಮುಂಚೆ ಪ್ರೇಕ್ಷಕರನ್ನು ಕೇಳಲು ಗೂಗಲ್ ಫಾರ್ಮ್ಸ್: ಮೂರು ಸಲ ಬಳಸಿದ ಮೇಲೆ

ನಮ್ಮದು ನಾಲ್ಕು ಜನರ ತಂಡ. ಕೋರ್ಸಿನ ಕೊನೆಯ ಪ್ರಾಜೆಕ್ಟಿಗೆ ಒಂದು ಹಾರರ್ ಚಿತ್ರದ ಟ್ರೇಲರ್ ಮಾಡಬೇಕಿತ್ತು. ಪೂರ್ತಿ ಚಿತ್ರವಲ್ಲ, 90 ಸೆಕೆಂಡಿನ ಟ್ರೇಲರ್ ಮಾತ್ರ. ಎಡಿಟಿಂಗ್ ಮತ್ತು ಸೌಂಡ್ ನನ್ನ ಪಾಲಿಗೆ ಬಂತು. ಅದರ ಬೆನ್ನಿಗೇ ಉಳಿದವರು ಯಾರೂ ಬೇಡವೆಂದ ಕೆಲಸವೂ ನನಗೇ ಬಂತು: ಟ್ರೇಲರ್ ಪ್ಲ್ಯಾನ್ ಮಾಡುವ ಮುಂಚೆ ಪ್ರೇಕ್ಷಕರ ಸಮೀಕ್ಷೆ. ಆಗ ನಾನೂ ಅದನ್ನು ಫೈಲಿಗೆ ಸೇರಿಸಬೇಕಾದ ಎರಡು ಪುಟ ಎಂದುಕೊಂಡಿದ್ದೆ. ನಮ್ಮ ಟ್ರೇಲರ್‌ನಲ್ಲಿ ಈಗ ಚೆನ್ನಾಗಿದೆ ಅನ್ನಿಸುವ ಭಾಗವೆಲ್ಲ ಆ ಎರಡು ಪುಟದಿಂದಲೇ ಹುಟ್ಟಿದ್ದು. ಹಾಗಾಗಿ ಇದೇ ಕೆಲಸಕ್ಕೆ ಕೂರುವ ಬೇರೆ ವಿದ್ಯಾರ್ಥಿಗಳಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಆನ್‌ಲೈನ್‌ನಲ್ಲಿ ಪ್ರಶ್ನಾವಳಿ ಮಾಡಿ ಹಂಚುವ ಗೂಗಲ್ ಫಾರ್ಮ್ಸ್ ಆರಿಸಿಕೊಳ್ಳಲು ದೊಡ್ಡ ಕಾರಣವೇನೂ ಇರಲಿಲ್ಲ. ಉಚಿತ, ಉತ್ತರಿಸುವವರು ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಲಿಂಕ್ ಒತ್ತಿದರೆ ಫೋನಿನಲ್ಲೇ ತೆರೆಯುತ್ತದೆ, ಉತ್ತರ ಬಂದ ಹಾಗೆ ಚಾರ್ಟ್ ತಾನೇ ಮೂಡುತ್ತದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಟ್ರೇಲರ್ ಯಾರು ನೋಡುತ್ತಾರೆ, ಯಾವುದರಲ್ಲಿ ನೋಡುತ್ತಾರೆ, ಯಾರ ಜೊತೆ ನೋಡುತ್ತಾರೆ ಎಂದು ತಿಳಿಯಲು ಇದು ಧಾರಾಳವಾಗಿ ಸಾಕು. ಅವರು ಯಾವುದಕ್ಕೆ ಹೆದರುತ್ತಾರೆ ಅನ್ನುವುದು ಮಾತ್ರ ಟಿಕ್ ಹಾಕಿಸಿದರೆ ಸಿಗುವುದಿಲ್ಲ. ಅದನ್ನು ಬರೆಸಬೇಕು, ಆಮೇಲೆ ಎದುರಿಗೆ ಕೂರಿಸಿಕೊಂಡು ನೋಡಬೇಕು.

ಮೊದಲ ಫಾರ್ಮಿನಲ್ಲಿ 19 ಪ್ರಶ್ನೆ ಇಟ್ಟಿದ್ದೆ, ಎಲ್ಲವೂ ಕಡ್ಡಾಯ. "ರಕ್ತ ತೋರಿಸಿದರೆ ಭಯ ಹೆಚ್ಚಾಗುತ್ತದೆಯೇ?" ಎಂದು ಕೇಳಿದ್ದೆ; ಹೌದು, ಇಲ್ಲ, ಎರಡೇ ಆಯ್ಕೆ. ಆ ಪ್ರಶ್ನೆಯೊಳಗೆ ನನಗೆ ಬೇಕಾದ ಉತ್ತರ ಆಗಲೇ ಕೂತಿತ್ತು, ಯಾಕೆಂದರೆ ಮುಖವಾಡದವನೊಬ್ಬ ಚಾಕು ಹಿಡಿದು ಮೆಟ್ಟಿಲಿಳಿಯುವ ದೃಶ್ಯವನ್ನು ನಾನು ಮನಸ್ಸಿನಲ್ಲಿ ಎಡಿಟ್ ಮಾಡಿ ಮುಗಿಸಿದ್ದೆ. ವಯಸ್ಸಿನ ಪ್ರಶ್ನೆಗೆ 15-18, 18-21 ಎಂದು ಕೊಟ್ಟಿದ್ದೆ. ಹದಿನೆಂಟು ತುಂಬಿದವರು ಯಾವುದಕ್ಕೆ ಟಿಕ್ ಹಾಕಬೇಕು? ನನ್ನ ಕ್ಲಾಸಿನ ಅರ್ಧ ಜನಕ್ಕೆ ಅದೇ ವಯಸ್ಸು. ಇನ್ನು "ಹಾರರ್ ಇಷ್ಟವಿಲ್ಲ" ಎಂದವರಿಗೂ ಮುಂದಿನ ಹದಿನೇಳು ಪ್ರಶ್ನೆಯನ್ನು ದಾಟಿಸಿದ್ದೆ. ಪಾಪ, ಅವರು ಮುಗಿದರೆ ಸಾಕೆಂದು ಸಿಕ್ಕಿದ್ದನ್ನು ಒತ್ತಿಕೊಂಡು ಹೋಗಿದ್ದರು. ಪೈ ಚಾರ್ಟುಗಳು ಬಣ್ಣಬಣ್ಣವಾಗಿ ಬಂದವು. ಒಂದು ಗಂಟೆ ನೋಡುತ್ತ ಕೂತೆ. ಅವುಗಳಿಂದ ಒಂದೇ ಒಂದು ಶಾಟ್ ಬರೆಯಲೂ ಆಗಲಿಲ್ಲ.

ಎರಡನೇ ಫಾರ್ಮ್ ಮಾಡುವಾಗ ಸಲಕರಣೆಯನ್ನು ನಿಜವಾಗಿ ಕಲಿತೆ. ಫಾರ್ಮನ್ನು ವಿಭಾಗಗಳಾಗಿ ಒಡೆದು, ಕೊಟ್ಟ ಉತ್ತರಕ್ಕೆ ತಕ್ಕಂತೆ ಬೇರೆ ಬೇರೆ ವಿಭಾಗಕ್ಕೆ ಕಳಿಸುವ ಸೌಲಭ್ಯ ಇದರಲ್ಲಿದೆ. ಪ್ರಶ್ನೆಯ ಮೂಲೆಯಲ್ಲಿರುವ ಮೂರು ಚುಕ್ಕಿ ಒತ್ತಿದರೆ ಸಿಗುತ್ತದೆ. ಹಾರರ್ ನೋಡುವವರನ್ನು ಒಂದು ದಾರಿಗೆ, ನೋಡದವರನ್ನು ಇನ್ನೊಂದು ದಾರಿಗೆ ಬಿಟ್ಟೆ. ನೋಡದವರಿಗೆ ಎರಡೇ ಪ್ರಶ್ನೆ: ಯಾಕೆ ನೋಡುವುದಿಲ್ಲ, ಯಾವ ಹಂತದಲ್ಲಿ ಎದ್ದು ಹೋಗುತ್ತೀರಿ. ಹಾರರ್ ಪ್ರೇಮಿಗಳಿಗಿಂತ ಹೆಚ್ಚು ಬೆಲೆಯ ಮಾತು ನನಗೆ ಸಿಕ್ಕಿದ್ದು ಇವರಿಂದಲೇ. ಒಬ್ಬರು ಬರೆದಿದ್ದರು: "ದೆವ್ವ ಬಂದ ಮೇಲೆ ನೋಡಬಹುದು. ಬರುವ ಮುಂಚೆ ಸುಮ್ಮನಿರುತ್ತಲ್ಲ, ಅದನ್ನು ತಡೆಯೋಕೆ ಆಗಲ್ಲ." ಆ ಸಾಲನ್ನು ಕಾಗದದ ಮೇಲೆ ದೊಡ್ಡದಾಗಿ ಬರೆದು ಎಡಿಟಿಂಗ್ ಮೇಜಿನ ಎದುರು ಅಂಟಿಸಿದೆ. ಇವತ್ತಿಗೂ ಅಲ್ಲೇ ಇದೆ.

ಯಾಕೆ ಹಾರರ್ ನೋಡುತ್ತೀರಿ ಎಂಬ ಪ್ರಶ್ನೆಗೆ ಮೊದಲ ಸಲ ಒಂದೇ ಆಯ್ಕೆಗೆ ಅವಕಾಶ ಕೊಟ್ಟಿದ್ದೆ. ಈ ಸಲ ಎಷ್ಟು ಬೇಕಾದರೂ ಟಿಕ್ ಹಾಕುವಂತೆ ಚೆಕ್‌ಬಾಕ್ಸ್ ಮಾಡಿದೆ. ಪ್ರೇಕ್ಷಕರು ಮಾಧ್ಯಮವನ್ನು ತಮ್ಮ ಅಗತ್ಯಕ್ಕಾಗಿ ಬಳಸುತ್ತಾರೆ ಎಂದು ಕಾಟ್ಜ್, ಬ್ಲಮ್ಲರ್ ಮೊದಲಾದ ಮಾಧ್ಯಮ ಸಂಶೋಧಕರು 1970ರ ದಶಕದಲ್ಲಿ ವಾದಿಸಿದ್ದನ್ನು ಪಾಠದಲ್ಲಿ ಓದಿದ್ದೆವು. ಆಯ್ಕೆಗಳನ್ನು ಅಲ್ಲಿಂದಲೇ ತೆಗೆದೆ: ದಿನದ ತಲೆಬಿಸಿ ಮರೆಯಲು, ಗೆಳೆಯರ ಜೊತೆ ಕೂರಲು, ಎದೆ ಜೋರಾಗಿ ಬಡಿದುಕೊಳ್ಳುವ ಖುಷಿಗೆ, ಕಥೆಯ ಗುಟ್ಟು ಬಿಡಿಸಲು. ಎಲ್ಲಕ್ಕಿಂತ ಹೆಚ್ಚು ಟಿಕ್ ಬಿದ್ದದ್ದು ಗೆಳೆಯರ ಜೊತೆ ಕೂರುವುದಕ್ಕೆ. ಪಟ್ಟಿಯಲ್ಲಿ ಮೊದಲು ಕಾಣುವ ಆಯ್ಕೆಗೆ ಕೈ ತಾನಾಗಿ ಹೋಗುತ್ತದೆ. ಅದಕ್ಕೇ ಆಯ್ಕೆಗಳ ಕ್ರಮ ಪ್ರತಿಯೊಬ್ಬರಿಗೂ ಕಲಸಿ ಬರುವಂತೆ ಮಾಡುವ ಗುಂಡಿ ಇದೆ. ಅದನ್ನು ಖಂಡಿತ ಒತ್ತಿ. ಆದರೆ ವಯಸ್ಸಿನಂಥ ಕ್ರಮವಿರುವ ಪ್ರಶ್ನೆಗೆ ಒತ್ತಬೇಡಿ, ಗೊಂದಲವಾಗುತ್ತದೆ.

ಒಪ್ಪುತ್ತೀರಾ, ಇಲ್ಲವಾ ಎಂದು ಅಳೆಯುವ ಪ್ರಶ್ನೆಗಳಿಗೆ ಸ್ಕೇಲ್ ಬಳಸಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ರೆನ್ಸಿಸ್ ಲೈಕರ್ಟ್ 1932ರಲ್ಲಿ ಪ್ರಕಟಿಸಿದ ಐದು ಹಂತದ ಅಳತೆಯನ್ನೇ ಇಂದಿಗೂ ಎಲ್ಲರೂ ಹಾಕುತ್ತಾರೆ. ಫಾರ್ಮ್ಸ್‌ನಲ್ಲಿ ಸ್ಕೇಲ್ 10ರವರೆಗೂ ಹೋಗುತ್ತದೆ, ನನಗೆ 5 ಸಾಕಾಯಿತು. ಎರಡು ತುದಿಗೂ ಹೆಸರು ಬರೆಯುವುದನ್ನು ಮರೆಯಬೇಡಿ. ಬರೀ "1" ಅಂದರೆ ಕೆಲವರು ಮೊದಲ ರ್‍ಯಾಂಕ್ ಎಂದುಕೊಳ್ಳುತ್ತಾರೆ.

ಇನ್ನು ಇಡೀ ಫಾರ್ಮಿನಲ್ಲಿ ನನ್ನ ಕಣ್ಣು ತೆರೆಸಿದ ಪ್ರಶ್ನೆ. ಅದಕ್ಕೆ ಆಯ್ಕೆಗಳೇ ಇರಲಿಲ್ಲ. "ಮನೆಯಲ್ಲಿ ಒಬ್ಬರೇ ಇದ್ದಾಗ ಕೊನೆಯ ಸಲ ಹೆದರಿದ್ದು ಯಾವಾಗ? ಏನಾಯಿತು, ಹೇಳಿ." ಕಡ್ಡಾಯವೂ ಮಾಡಿರಲಿಲ್ಲ. 41 ಜನ ಉತ್ತರಿಸಿದ ಆ ಫಾರ್ಮಿನಲ್ಲಿ 26 ಜನ ಇದನ್ನು ತುಂಬಿದ್ದರು. ಅದಕ್ಕೂ ಮೇಲಿನ ಪ್ರಶ್ನೆಯಲ್ಲಿ ಅವರಲ್ಲೇ ಹಲವರು "ಕೊಲೆಗಾರ ಬೆನ್ನಟ್ಟುವ ಚಿತ್ರ ಇಷ್ಟ" ಎಂದು ಟಿಕ್ ಹಾಕಿದ್ದರು. ಇಲ್ಲಿ ಮಾತ್ರ ಒಬ್ಬರೂ ಕೊಲೆಗಾರನ ಬಗ್ಗೆ ಬರೆದಿರಲಿಲ್ಲ. ನಲ್ಲಿ ನಿಲ್ಲಿಸಿ ಬಂದಿದ್ದರೂ ನೀರಿನ ಸದ್ದು ಕೇಳಿದ್ದು. ಅಮ್ಮ ಕರೆದ ಹಾಗಾಗಿ ಓಗೊಟ್ಟ ಮೇಲೆ ಅಮ್ಮ ಮನೆಯಲ್ಲೇ ಇಲ್ಲವೆಂದು ನೆನಪಾದದ್ದು. ಮುಚ್ಚಿ ಮಲಗಿದ್ದ ಬಾಗಿಲು ಬೆಳಿಗ್ಗೆ ಅರ್ಧ ತೆರೆದಿದ್ದದ್ದು. ಈ ಬಾಗಿಲಿನ ಮಾತು ಬೇರೆ ಬೇರೆ ರೂಪದಲ್ಲಿ ಐದು ಜನರಿಂದ ಬಂದಿತ್ತು.

ಫಾರ್ಮ್ಸ್‌ನ ಉತ್ತರಗಳನ್ನು ಸಾರಾಂಶವಾಗಿಯೂ ನೋಡಬಹುದು, ಒಬ್ಬೊಬ್ಬರದಾಗಿಯೂ ನೋಡಬಹುದು. ದಯವಿಟ್ಟು ಒಬ್ಬೊಬ್ಬರದಾಗಿ ಓದಿ. ಚಾರ್ಟಿನಲ್ಲಿ ಮನುಷ್ಯ ಚೂರುಚೂರಾಗಿ ಹಂಚಿಹೋಗಿರುತ್ತಾನೆ. ಇಲ್ಲಿ ಒಬ್ಬರ ಎಲ್ಲ ಉತ್ತರವೂ ಒಟ್ಟಿಗೆ ಕಾಣುತ್ತದೆ. ತನಗೆ ಯಾವ ಭಯವೂ ಇಲ್ಲ ಎಂದು ಸ್ಕೇಲಿನಲ್ಲಿ 1 ಒತ್ತಿದವರೊಬ್ಬರು ಕೊನೆಯ ಪ್ರಶ್ನೆಗೆ ಹನ್ನೆರಡು ಸಾಲು ಬರೆದಿದ್ದರು. ಗೂಗಲ್‌ನ ಲೆಕ್ಕದ ಹಾಳೆಯಾದ ಶೀಟ್ಸ್‌ಗೆ ಜೋಡಿಸಿದರೆ ಪ್ರತಿ ಉತ್ತರದ ಪಕ್ಕ ಅದು ಬಂದ ಹೊತ್ತೂ ಇರುತ್ತದೆ. ಅವರು ಕಳಿಸಿದ್ದು ರಾತ್ರಿ ಒಂದು ಗಂಟೆ ದಾಟಿದ ಮೇಲೆ. ವಾರಕ್ಕೊಂದು ಹಾರರ್ ನೋಡುವವರು, ವರ್ಷಕ್ಕೊಂದು ನೋಡುವವರು ಎಂದು ಬೇರ್ಪಡಿಸಿ ಹೋಲಿಸಲೂ ಶೀಟ್ಸ್‌ಗೇ ಹೋಗಬೇಕು. ಫಿಲ್ಟರ್ ಹಾಕಲು ಬಂದರೆ ಸಾಕು, ಕಷ್ಟವೇನಿಲ್ಲ.

ಇಷ್ಟಾದ ಮೇಲೆ ಮುಖವಾಡವನ್ನು ಕೈಬಿಟ್ಟೆವು. ತಂಡದಲ್ಲಿ ಜಗಳವೇ ಆಯಿತು, ಮುಖವಾಡ ಮಾಡಿದವಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಅವಳ ಕೈಗೆ ಆ 26 ಉತ್ತರಗಳ ಪ್ರಿಂಟ್ ಕೊಟ್ಟೆ. ಮೂರನೇ ದಿನ ಬಂದು, "ಬಾಗಿಲು ಎಷ್ಟು ತೆರೆದಿರಬೇಕು ಕಣೇ, ಒಂದು ಗೇಣಾ?" ಎಂದು ಕೇಳಿದಳು.

ಮೂರನೇ ಫಾರ್ಮ್ ಪೂರ್ತಿ ಸೌಂಡಿನದು. ಯೂಟ್ಯೂಬ್ ವಿಡಿಯೋವನ್ನು ಫಾರ್ಮಿನೊಳಗೇ ಕೂರಿಸಬಹುದು. ಲಿಂಕ್ ಇದ್ದವರಿಗೆ ಮಾತ್ರ ಕಾಣುವ ಅನ್‌ಲಿಸ್ಟೆಡ್ ವಿಡಿಯೋ ಕೂಡ ಸರಿ. ಅದೇ ಬಾಗಿಲು, ಅದೇ 20 ಸೆಕೆಂಡಿನ ಶಾಟ್, ಮೂರು ಬಗೆಯ ಸದ್ದು: ಒಂದಕ್ಕೆ ನೆಲ ನಡುಗಿಸುವಂಥ ತಗ್ಗಿನ ಗುಡುಗು, ಒಂದಕ್ಕೆ ಪಿಟೀಲಿನ ಕೀರಲು, ಇನ್ನೊಂದಕ್ಕೆ ಸಂಗೀತವಿಲ್ಲದೆ ಬರೀ ಕೀಲಿನ ಕಿರ್ರೆನ್ನುವ ಸದ್ದು ಮತ್ತು ಯಾರದೋ ಉಸಿರು. ಮೊದಲು ನೋಡಿದ ಕ್ಲಿಪ್ಪಿಗೆ ಹೆದರಿದ ಹಾಗೆ ಮೂರನೆಯದಕ್ಕೆ ಹೆದರುವುದಿಲ್ಲ, ಅಷ್ಟರಲ್ಲಿ ಬಾಗಿಲು ಪರಿಚಯವಾಗಿರುತ್ತದೆ. ಅದಕ್ಕೆ ಕ್ಲಿಪ್ಪುಗಳ ಕ್ರಮ ಬದಲಿಸಿ ಮೂರು ಪ್ರತಿ ಮಾಡಿ, ಪ್ರತಿಯೊಂದು ಕ್ಲಿಪ್ಪೂ ಒಂದೊಂದು ಪ್ರತಿಯಲ್ಲಿ ಮೊದಲು ಬರುವಂತೆ ಹಂಚಿದೆ.

ನನಗೆ ಗುಡುಗೇ ಗೆಲ್ಲುತ್ತದೆ ಎಂಬ ನಂಬಿಕೆ. ಅದಕ್ಕೆ ವಾರಗಟ್ಟಲೆ ಕೂತಿದ್ದೆ. ಹೆಡ್‌ಫೋನಿನಲ್ಲಿ ಕೇಳಿದರೆ ಹೊಟ್ಟೆಯೊಳಗೆ ಕಲಕಿದಂತಾಗುತ್ತದೆ. ಉತ್ತರಗಳಲ್ಲಿ ಅದೇ ಕೊನೆಗೆ ಬಂತು. ಫಾರ್ಮ್ ಕಳಿಸುವ ಹಿಂದಿನ ರಾತ್ರಿ "ಇಯರ್‌ಫೋನ್ ಹಾಕಿದ್ದಿರಾ, ಫೋನಿನ ಸ್ಪೀಕರ್‌ನಲ್ಲಿ ಕೇಳಿದಿರಾ?" ಎಂದು ಒಂದು ಪ್ರಶ್ನೆ ಸೇರಿಸಿದ್ದೆ. ಅದಿಲ್ಲದಿದ್ದರೆ ನನಗೆ ಕಾರಣವೇ ತಿಳಿಯುತ್ತಿರಲಿಲ್ಲ. ಫೋನಿನ ಸಣ್ಣ ಸ್ಪೀಕರ್‌ಗೆ ಅಷ್ಟು ತಗ್ಗಿನ ಸದ್ದನ್ನು ಹೊರಡಿಸುವ ಶಕ್ತಿಯಿಲ್ಲ. ಸ್ಪೀಕರ್‌ನಲ್ಲಿ ಕೇಳಿದವರ ಪಾಲಿಗೆ ಅದು ಸದ್ದೇ ಇಲ್ಲದ ಕ್ಲಿಪ್. ಒಬ್ಬರು "ಮೊದಲ ವಿಡಿಯೋದಲ್ಲಿ ಆಡಿಯೋ ಹಾಳಾಗಿದೆ" ಎಂದು ಕಾಳಜಿಯಿಂದ ಬರೆದಿದ್ದರು. ನಮ್ಮ ಪ್ರೇಕ್ಷಕರಲ್ಲಿ ಹೆಚ್ಚಿನವರು ಟ್ರೇಲರ್ ನೋಡುವುದು ಫೋನಿನಲ್ಲೇ, ಇಯರ್‌ಫೋನ್ ಇಲ್ಲದೆಯೇ ಎಂದು ಎರಡನೇ ಫಾರ್ಮ್ ಆಗಲೇ ಹೇಳಿತ್ತು. ಎರಡನ್ನೂ ನಾನು ಜೋಡಿಸಿ ನೋಡಿರಲಿಲ್ಲ. ಉಸಿರು, ಕೀಲಿನ ಸದ್ದು ಎರಡೂ ಸಣ್ಣ ಸ್ಪೀಕರ್‌ನಲ್ಲಿ ಚೆನ್ನಾಗಿ ಕೇಳುತ್ತವೆ. ಟ್ರೇಲರ್‌ನ ಇಡೀ ಸೌಂಡನ್ನು ಅವುಗಳ ಸುತ್ತ ಹೊಸದಾಗಿ ಕಟ್ಟಿದೆ. ಗುಡುಗನ್ನು ತೆಗೆಯಲಿಲ್ಲ, ಇಯರ್‌ಫೋನಿನವರಿಗೆ ಇರಲಿ ಎಂದು ಅಡಿಯಲ್ಲಿ ಬಿಟ್ಟೆ.

ಹೆಸರು, ಇಮೇಲ್ ಯಾವುದನ್ನೂ ನಾನು ಕೇಳಲಿಲ್ಲ. ಒಬ್ಬರು ಒಂದೇ ಸಲ ಉತ್ತರಿಸುವಂತೆ ಮಿತಿ ಹಾಕಿದರೆ ಗೂಗಲ್‌ಗೆ ಸೈನ್ ಇನ್ ಆಗಲೇಬೇಕು. ಇಮೇಲ್ ಸಂಗ್ರಹಿಸುವ ಆಯ್ಕೆ ಆಫ್ ಇದ್ದರೆ ವಿಳಾಸ ನಮಗೆ ಕಾಣುವುದಿಲ್ಲ, ಆದರೆ ಉತ್ತರಿಸುವವರಿಗೆ ಅದು ಗೊತ್ತಿರುವುದಿಲ್ಲ. ತಮ್ಮ ಭಯದ ಬಗ್ಗೆ ಬರೆಯುವವರಿಗೆ ಆ ಅಳುಕು ಬೇಡವೆಂದು ಮಿತಿಯನ್ನೇ ತೆಗೆದೆ. ಕ್ಲಿಪ್ ಬರುವ ಮುಂಚೆ ಏನಿರುತ್ತದೆ ಎಂಬ ಎಚ್ಚರಿಕೆಯ ಸಾಲು, ಬೇಡವಾದರೆ ಅಲ್ಲೇ ನಿಲ್ಲಿಸಬಹುದು ಎಂಬ ಮಾತು, ಇವೆರಡನ್ನು ಯಾರೂ ಬಿಡಬಾರದು. ಜನ ತಮ್ಮ ಹೆದರಿಕೆಯನ್ನು ನಮ್ಮ ಕೈಗೆ ಕೊಡುತ್ತಿದ್ದಾರೆ, ನಾವು ಅದನ್ನು ಜೋಪಾನವಾಗಿ ಹಿಡಿಯಬೇಕು.

ಯಾವ ಕ್ಷಣದಲ್ಲಿ ಎದೆ ಝಲ್ಲೆಂದಿತು ಎಂದು ಹೇಳುವುದು ಫಾರ್ಮಿನ ಕೆಲಸವಲ್ಲ. ಎಷ್ಟು ಜನ ಎಲ್ಲಿಯವರೆಗೆ ನೋಡಿದರು ಎಂಬ ಗ್ರಾಫ್ ಯೂಟ್ಯೂಬ್ ಸ್ಟುಡಿಯೋದಲ್ಲಿ ಇದೆ, ಆದರೆ ನಮ್ಮಂಥ ಬೆರಳೆಣಿಕೆಯ ವೀಕ್ಷಣೆಗೆ ಅದು ಒದಗುವುದಿಲ್ಲ. ಹಾಗಾಗಿ ರಫ್ ಕಟ್, ಅಂದರೆ ಮೊದಲ ಕಚ್ಚಾ ಎಡಿಟ್ ಆದ ಮೇಲೆ ಆರು ಜನರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ, ನಾನು ಪರದೆ ಬಿಟ್ಟು ಅವರ ಮುಖ ನೋಡಿದೆ. 70ನೇ ಸೆಕೆಂಡಿನಲ್ಲಿ ಇಟ್ಟಿದ್ದ ಜಂಪ್ ಸ್ಕೇರ್‌ಗೆ, ಅಂದರೆ ತಟ್ಟನೆ ಬೆಚ್ಚಿಬೀಳಿಸುವ ದೃಶ್ಯಕ್ಕೆ, ಇಬ್ಬರು ನಕ್ಕರು. ನಾವು ಒಂದು ಅರ್ಥ ತುಂಬಿ ಕಳಿಸಿದರೂ ನೋಡುವವರು ಅದನ್ನು ಬೇರೆಯಾಗಿ ಬಿಡಿಸಿಕೊಳ್ಳಬಹುದು ಎಂದು ಸಂಸ್ಕೃತಿ ಚಿಂತಕ ಸ್ಟುವರ್ಟ್ ಹಾಲ್ 1973ರಲ್ಲಿ ಬರೆದದ್ದನ್ನು ಪರೀಕ್ಷೆಗೆ ಉರು ಹೊಡೆದಿದ್ದೆ. ಆ ಎರಡು ನಗು ಕೇಳಿದಾಗ ಅದು ಅರ್ಥವಾಯಿತು. ನಮ್ಮ ಜೂನಿಯರ್ ಹುಡುಗಿಯೊಬ್ಬಳು ಬಾಗಿಲಿನ ಶಾಟ್ ಬಂದ ಕೂಡಲೇ ದುಪಟ್ಟಾ ಬಾಯಿಗೆ ಒತ್ತಿಕೊಂಡಳು. ಮುಗಿದ ಮೇಲೆ, "ಅಕ್ಕಾ, ಅದು ಪೂರ್ತಿ ತೆಗೀಲೇ ಇಲ್ವಲ್ಲ, ಅದಕ್ಕೇ ಜಾಸ್ತಿ ಭಯ ಆಯ್ತು" ಎಂದಳು. ಜಂಪ್ ಸ್ಕೇರ್ ಕತ್ತರಿಸಿದೆ. ರಫ್ ಕಟ್‌ನಲ್ಲಿ ಬಾಗಿಲಿನ ಶಾಟ್ ನಾಲ್ಕು ಸೆಕೆಂಡ್ ಇತ್ತು, ಒಂಬತ್ತು ಮಾಡಿದೆ.

ಗೂಗಲ್ ಫಾರ್ಮ್ಸ್‌ಗೆ ಐದರಲ್ಲಿ ನಾಲ್ಕು ಕೊಡುತ್ತೇನೆ. ಮುಖ ನೋಡುವ ಕೆಲಸ ನಮ್ಮದೇ ಆದ್ದರಿಂದ ಆ ಒಂದನ್ನು ಉಳಿಸಿಕೊಂಡಿದ್ದೇನೆ. ಮುಂದಿನ ತಂಡದವರು ಕೇಳಿದ್ದಕ್ಕೆ ನನ್ನ ಎರಡನೇ ಫಾರ್ಮಿನ ಪ್ರತಿ ಮಾಡಿ ಕೊಟ್ಟಿದ್ದೇನೆ. ಉಳಿದ ಪ್ರಶ್ನೆಗಳನ್ನು ಅವರಿಗೆ ಬೇಕಾದ ಹಾಗೆ ಬದಲಿಸಿಕೊಳ್ಳಲಿ, ಮನೆಯಲ್ಲಿ ಒಬ್ಬರೇ ಇದ್ದಾಗಿನ ಪ್ರಶ್ನೆಯನ್ನು ಮಾತ್ರ ತೆಗೆಯಬೇಡಿ ಎಂದು ಹೇಳಿದ್ದೇನೆ. ನನ್ನ ಹಳೆಯ ಫಾರ್ಮನ್ನೂ ಇನ್ನೂ ಮುಚ್ಚಿಲ್ಲ. ಟ್ರೇಲರ್ ಒಪ್ಪಿಸಿ ಎಷ್ಟೋ ದಿನವಾದ ಮೇಲೆ, ಹೋದ ವಾರ ರಾತ್ರಿ 2.40ಕ್ಕೆ ಅದಕ್ಕೊಂದು ಉತ್ತರ ಬಂತು. ಉಳಿದದ್ದೆಲ್ಲ ಖಾಲಿ, ಆ ಒಂದು ಪ್ರಶ್ನೆಗೆ ಮಾತ್ರ ಬರೆದಿದ್ದರು: "ಈಗಲೇ."