ಕೆರ್ನ್ಜಾ ಹಿಟ್ಟು: ಕೊಡಗಿನ ಅಡುಗೆಮನೆಯಿಂದ ಒಂದು ವಿಮರ್ಶೆ

ಕೆರ್ನ್ಜಾ ಎಂಬ ಹೆಸರಿನ ಈ ಹಿಟ್ಟನ್ನು ನಮ್ಮ ಜಿಲ್ಲೆಯ ಅಂಗಡಿಗಳಲ್ಲಿ ನಾನು ಕಂಡಿಲ್ಲ. ಅಮೆರಿಕದಲ್ಲಿರುವ ನೆಂಟರು ಮಡಿಕೇರಿಗೆ ಬರುವಾಗ ತಂದುಕೊಟ್ಟದ್ದನ್ನು ಬಳಸಿ ನೋಡಿ ಬರೆಯುತ್ತಿದ್ದೇನೆ. ಗೋಧಿಗೆ ದೂರದ ಸಂಬಂಧಿಯಾದ ಒಂದು ಬಹುವಾರ್ಷಿಕ ಹುಲ್ಲಿನ ಕಾಳಿನಿಂದ ಇದನ್ನು ಮಾಡುತ್ತಾರೆ. ಆ ಹುಲ್ಲನ್ನು ಆಹಾರಧಾನ್ಯವಾಗಿಸುವ ಕೆಲಸವನ್ನು ಅಮೆರಿಕದ ರೊಡೇಲ್ ಸಂಸ್ಥೆ 1983ರಲ್ಲಿ ಆರಂಭಿಸಿತು. 2003ರಿಂದ ಕಾನ್ಸಾಸ್ ರಾಜ್ಯದ ಲ್ಯಾಂಡ್ ಇನ್‌ಸ್ಟಿಟ್ಯೂಟ್ ಅದರ ತಳಿಗಳನ್ನು ಅಭಿವೃದ್ಧಿಪಡಿಸುತ್ತಿದೆ.

ಹಿಟ್ಟಿನ ಬಣ್ಣ ಕಂದು, ನಡುನಡುವೆ ತೌಡಿನ ಚುಕ್ಕೆಗಳು. ಬಾಣಲೆಯಲ್ಲಿ ಸ್ವಲ್ಪ ಹುರಿದರೆ ಹಿತವಾದ ಪರಿಮಳ ಬರುತ್ತದೆ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಇದರಲ್ಲೂ ಇದ್ದರೂ, ಅದರಲ್ಲಿ ಹಿಟ್ಟಿಗೆ ಜಿಗುಟು ಕೊಡುವ ಅಂಶ ದುರ್ಬಲವಾಗಿರುವುದರಿಂದ, ಇದೊಂದನ್ನೇ ಕಲಸಿ ಚಪಾತಿ ಲಟ್ಟಿಸಲು ಹೊರಟರೆ ಅಂಚು ಬಿರಿದು, ಕಾವಲಿಗೆ ಎತ್ತಿ ಹಾಕುವಷ್ಟರಲ್ಲಿ ಹರಿದುಹೋಗುತ್ತದೆ. ಗೋಧಿ ಹಿಟ್ಟಿನೊಂದಿಗೆ ಸಮಪಾಲು ಬೆರೆಸಿದಾಗ ಚಪಾತಿ ಮೆತ್ತಗೆ ಬಂತು. ನನಗೆ ಹೆಚ್ಚು ಹಿಡಿಸಿದ್ದು ಅಕ್ಕಿ ರೊಟ್ಟಿ: ಅನ್ನ ಮತ್ತು ಅಕ್ಕಿ ಹಿಟ್ಟನ್ನು ನಾದುವಾಗ ಕಾಲು ಭಾಗದಷ್ಟು ಇದನ್ನು ಸೇರಿಸಿದರೆ, ಅನ್ನದ ಅಂಟು ಇದರ ಕೊರತೆಯನ್ನು ತುಂಬುತ್ತದೆ, ಪಂದಿ ಕರಿಯ ಹುಳಿಖಾರಕ್ಕೂ ರುಚಿ ಹೊಂದುತ್ತದೆ. ಹಬೆಯಲ್ಲಿ ಬೇಯಿಸುವ ಉಂಡೆಯಾದ ಕಡಂಬುಟ್ಟಿಗೆ ಮಾತ್ರ ಇದು ಸಲ್ಲದು. ಅದಕ್ಕೆ ಅಕ್ಕಿ ತರಿಯೇ ಬೇಕು.

ಪೋಷಕಾಂಶದ ವಿಷಯದಲ್ಲಿ ಇದಕ್ಕೆ ಸಾಮಾನ್ಯ ಗೋಧಿಗಿಂತ ಹೆಚ್ಚಿನ ಪ್ರೋಟೀನ್ ಮತ್ತು ನಾರಿನ ಬಲವಿದೆ. ಕಾಳು ಗೋಧಿಯ ಐದನೇ ಒಂದು ಭಾಗದಷ್ಟೇ ಗಾತ್ರದ್ದಾದ್ದರಿಂದ ತೌಡಿನ ಪಾಲು ತಾನಾಗಿಯೇ ಹೆಚ್ಚುತ್ತದೆ, ಈ ಗುಣಕ್ಕೆ ಅದೂ ಒಂದು ಕಾರಣ. ಮೂರು ಹೊತ್ತೂ ಬಿಳಿ ಅಕ್ಕಿಯನ್ನೇ ನೆಚ್ಚಿರುವ ನಮ್ಮ ಮನೆಗಳಿಗೆ ನಾರು ಒದಗುವುದು ಒಳ್ಳೆಯದೇ, ಆದರೆ ಅಷ್ಟು ಮಾತ್ರಕ್ಕಾದರೆ ರಾಗಿ ಸಾಕು. ಗ್ಲುಟೆನ್ ಒಗ್ಗದವರು ಇದನ್ನು ಮುಟ್ಟಬಾರದು.

ಈ ಹಿಟ್ಟಿನ ನಿಜವಾದ ಹೆಚ್ಚುಗಾರಿಕೆ ಇರುವುದು ಹೊಲದಲ್ಲಿ. ಗಿಡದ ಬೇರು ಸುಮಾರು ಹತ್ತು ಅಡಿ ಆಳಕ್ಕೆ ಇಳಿಯುತ್ತದೆ, ವರ್ಷವಿಡೀ ಜೀವಂತವಾಗಿದ್ದು ಮಣ್ಣನ್ನು ಹಿಡಿದಿಡುತ್ತದೆ, ನೈಟ್ರೇಟ್ ಅಂತರ್ಜಲಕ್ಕೆ ಸೋರುವುದನ್ನು ತಗ್ಗಿಸುತ್ತದೆ. ಪ್ರತಿವರ್ಷ ಉಳುವ, ಬಿತ್ತುವ ಖರ್ಚೂ ಡೀಸೆಲ್ಲೂ ಉಳಿಯುತ್ತವೆ. 2018ರ ಮಳೆಗಾಲದಲ್ಲಿ ಗುಡ್ಡಗಳು ಕುಸಿದದ್ದನ್ನು ನೋಡಿದ ನಮಗೆ ಬೇರಿನ ಬೆಲೆಯನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ, ಭೂಕುಸಿತಕ್ಕೆ ಹುಲ್ಲೊಂದೇ ಮದ್ದಲ್ಲ ಎಂಬುದೂ ಅಷ್ಟೇ ನಿಜ. ಇಳುವರಿ ಮಾತ್ರ ತೀರಾ ಕಡಿಮೆ: ಗೋಧಿಯ ಮೂರನೇ ಒಂದು ಭಾಗ ಸಿಕ್ಕರೆ ಹೆಚ್ಚು, ಕೆಲವು ವರ್ಷಗಳಲ್ಲಿ ಅದೂ ಇಳಿಯುತ್ತದೆ. ಬೆಲೆ ದುಬಾರಿಯಾಗಲು ಇದೇ ಕಾರಣ. ಅಷ್ಟು ದೂರದಿಂದ ತರಿಸಿಕೊಂಡು ಪರಿಸರ ಉಳಿಸಿದೆವೆಂದು ಹೇಳಿಕೊಳ್ಳುವುದರಲ್ಲಿ ಅರ್ಥವೂ ಇಲ್ಲ.

ಕೊಡಗಿಗೆ ಹೆಚ್ಚು ಹತ್ತಿರವಾದದ್ದು ಬಹುವಾರ್ಷಿಕ ಭತ್ತ. ಚೀನಾದ ಯುನ್ನಾನ್ ವಿಶ್ವವಿದ್ಯಾಲಯವು ಬೇಸಾಯದ ಭತ್ತವನ್ನು ಆಫ್ರಿಕಾದ ಕಾಡುಭತ್ತದೊಂದಿಗೆ ಸಂಕರಗೊಳಿಸಿ ರೂಪಿಸಿದ ಪಿಆರ್23 ತಳಿ 2018ರಲ್ಲಿ ರೈತರಿಗೆ ಬಿಡುಗಡೆಯಾಯಿತು. ಒಮ್ಮೆ ನೆಟ್ಟರೆ ನಾಲ್ಕು ವರ್ಷಗಳಲ್ಲಿ ಎಂಟು ಕೊಯ್ಲು ಸಿಕ್ಕಿದ್ದು, ಹೆಕ್ಟೇರಿಗೆ ಸರಾಸರಿ 6.8 ಟನ್ ಇಳುವರಿ ಬಂದದ್ದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಾಖಲಾಗಿದೆ. ನಾಟಿಗೆ ಆಳು ಸಿಗದೆ ಗದ್ದೆಗಳನ್ನು ಪಾಳು ಬಿಡುತ್ತಿರುವ ನಮ್ಮವರಿಗೆ ಇದು ಕುತೂಹಲದ ವಿಷಯ. ನಮ್ಮ ಬೇಸಿಗೆಯಲ್ಲಿ ಒಣಗುವ ಗದ್ದೆಯಲ್ಲಿ ಕೂಳೆ ಬದುಕೀತೇ ಎಂಬುದನ್ನು ಇಲ್ಲೇ ನೆಟ್ಟು ನೋಡಬೇಕು.

ಕೆರ್ನ್ಜಾ ಹಿಟ್ಟು ಕೈಗೆ ಸಿಕ್ಕವರು ಬೆರಕೆಯಲ್ಲಿ ಬಳಸಲಿ, ಹಣ ತೆತ್ತು ತರಿಸುವ ಅಗತ್ಯವಿಲ್ಲ. ತೌಡಿನಲ್ಲಿ ಎಣ್ಣೆಯಂಶ ಇರುವುದರಿಂದ ನಮ್ಮ ಮಳೆಗಾಲದ ತೇವಕ್ಕೆ ಬೇಗ ಮುಗ್ಗುತ್ತದೆ. ಪ್ಯಾಕೆಟ್ಟು ಒಡೆದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ತುಂಬಿ ಫ್ರಿಜ್ಜಿನಲ್ಲಿಡಬೇಕು.