ನ್ಯಾರೋಬೋಟ್ ಬಾಡಿಗೆ: ದೋಣಿಗೆ ಫುಲ್ ಮಾರ್ಕ್ಸ್, ಕಂಪನಿಗೆ ಅರ್ಧ

ಇಂಗ್ಲೆಂಡ್ ಮತ್ತು ವೇಲ್ಸ್ ಗಡಿಯಲ್ಲಿರುವ ಲ್ಯಾಂಗೋಲೆನ್ ಕಾಲುವೆಯಲ್ಲಿ ವಾರದ ಮಟ್ಟಿಗೆ ನ್ಯಾರೋಬೋಟ್ ಬಾಡಿಗೆಗೆ ತೆಗೆದುಕೊಂಡಿದ್ದೆವು. ಕಂಪನಿ ಹೆಸರು ಹಾಕುವುದಿಲ್ಲ, ದೂರು ಸ್ವಲ್ಪ ಜಾಸ್ತಿಯೇ ಇದೆ.

ಮೊದಲು ದೋಣಿ. ಅಗಲ ಬರೀ 2.1 ಮೀಟರ್, ಉದ್ದ ಮಾತ್ರ ಬಸ್ಸಿಗಿಂತ ಹೆಚ್ಚು. ಒಳಗೆ ಅಡುಗೆಮನೆ, ಶವರ್, ಹಾಸಿಗೆ, ಕಲ್ಲಿದ್ದಲಿನ ಒಲೆ ಎಲ್ಲ ಇದೆ, ಎಲ್ಲವೂ ಕ್ಲೀನ್. ಇಂಜಿನ್ ಓಡುವಾಗಲೇ ಸ್ನಾನದ ನೀರು ಕಾಯುತ್ತದೆ, ಬ್ಯಾಟರಿ ಚಾರ್ಜ್ ಆಗುತ್ತದೆ. ದೋಣಿ ಕಟ್ಟಿದ ಮೇಲೆ ರಾತ್ರಿ 8ರಿಂದ ಬೆಳಗ್ಗೆ 8ರವರೆಗೆ ಇಂಜಿನ್ ಹಾಕುವಂತಿಲ್ಲ, ಹಾಗಾಗಿ ಫೋನು, ಸ್ನಾನ ಎಲ್ಲ ಹಗಲಲ್ಲೇ ಮುಗಿಸಿಕೊಳ್ಳಿ.

ಕಂಪನಿಯವರ ಟ್ರೇನಿಂಗ್ ಮಾತ್ರ ತೀರಾ ಸಪ್ಪೆ. ಹುಡುಗ ಬಂದ, ಚುಕ್ಕಾಣಿ ತೋರಿಸಿದ, ಲಾಕ್ (ನೀರು ತುಂಬಿಸಿ, ಖಾಲಿ ಮಾಡಿ ದೋಣಿಯನ್ನು ಏರಿಸುವ, ಇಳಿಸುವ, ಎರಡೂ ಕಡೆ ಗೇಟಿರುವ ತೊಟ್ಟಿ) ಗೇಟಿನ ನೀರು ಬಿಡಲು ಬೇಕಾಗುವ ವಿಂಡ್ಲಸ್ (ಎಲ್ ಆಕಾರದ ಕಬ್ಬಿಣದ ಹಿಡಿ) ಎರಡು ಕೈಗಿಟ್ಟ, ಹೋದ. ಲಾಕ್‌ನಲ್ಲಿ ಇಳಿಯುವಾಗ ಹಿಂದಿನ ಗೇಟಿನ ಕೆಳಗೆ ನೀರಿನೊಳಗೆ ಒಂದು ಕಲ್ಲಿನ ಕಟ್ಟೆ ಇರುತ್ತದೆ. ನೀರು ಇಳಿದಾಗ ದೋಣಿಯ ಹಿಂಭಾಗ ಅದರ ಮೇಲೆ ಕೂತುಬಿಟ್ಟರೆ ಮುಂಭಾಗ ಕೆಳಗೆ ಹೋಗಿ ದೋಣಿ ಮುಳುಗಬಹುದು. ಇಷ್ಟು ಮುಖ್ಯವಾದ ವಿಷಯ ಅವನ ಬಾಯಲ್ಲಿ ಬರಲೇ ಇಲ್ಲ! ನ್ಯೂ ಮಾರ್ಟನ್ ಲಾಕ್‌ನಲ್ಲಿ ಎದುರು ದೋಣಿಯ ಹೆಂಗಸೊಬ್ಬರು ತಾವಾಗಿ ಬಂದು, ಗೋಡೆ ಮೇಲಿನ ಬಿಳಿ ಗೆರೆ ತೋರಿಸಿ, ದೋಣಿ ಇದರಿಂದ ಮುಂದಕ್ಕೇ ಇರಲಿ ಅಂದರು. ಆಮೇಲೆ ನಮ್ಮ ಜೊತೆ ನಿಂತು ಗೇಟು ಕೂಡ ತಳ್ಳಿದರು.

ಇಂಥ ಸಹಾಯ ದಾರಿಯುದ್ದಕ್ಕೂ ಸಿಕ್ಕಿತು. ಪ್ರೊಪೆಲ್ಲರ್‌ಗೆ ನೈಲಾನ್ ಹಗ್ಗ ಸುತ್ತಿಕೊಂಡಾಗ ದೋಣಿಯಲ್ಲಿದ್ದದ್ದು ಬ್ರೆಡ್ ಕತ್ತರಿಸುವ ಚಾಕು ಒಂದೇ. ಪಕ್ಕದಲ್ಲಿ ಕಟ್ಟಿದ್ದ ದೋಣಿಯ ಅಜ್ಜ ಗರಗಸದಂಥ ಚಾಕು, ಉದ್ದ ಕೈಗವಸು ತಂದರು. ಇಂಜಿನ್ ಆಫ್ ಮಾಡಿ ಕೀ ಜೇಬಿಗೆ ಹಾಕಿಕೋ, ಆಮೇಲೇ ಕೈ ಹಾಕು ಅಂದರು. ಹಿಂದುಗಡೆಯ ಮುಚ್ಚಳ ತೆಗೆದು ಆ ತಣ್ಣೀರಲ್ಲಿ ಮೊಣಕೈವರೆಗೂ ಕೈ ಇಳಿಸಿ, ಕಣ್ಣಿಗೆ ಕಾಣದ ಹಗ್ಗವನ್ನು ಎಳೆ ಎಳೆಯಾಗಿ ಕೊಯ್ಯಬೇಕು. ಕೊಯ್ದ ಮೇಲೆ ಮುಚ್ಚಳ ಸರಿಯಾಗಿ ಬಿಗಿಯದಿದ್ದರೆ ಇಂಜಿನ್ ಹಾಕಿದಾಗ ನೀರು ಒಳಗೆ ನುಗ್ಗುತ್ತದೆ, ಅದನ್ನು ಅವರೇ ಅಲ್ಲಾಡಿಸಿ ನೋಡಿ ಹೋದರು. ಟೀ ಕುಡಿಯಲು ಕರೆದರೂ ನಿಲ್ಲಲಿಲ್ಲ.

ಕಟ್ಟಿದ ದೋಣಿಗಳ ಪಕ್ಕ ಜೋರಾಗಿ ಹೋದರೆ ಮಾತ್ರ ಇದೇ ಜನ ಕಿಟಕಿಯಿಂದ ತಲೆ ಹಾಕಿ ಬೈಯುತ್ತಾರೆ. ತಪ್ಪೇನಿಲ್ಲ ಬಿಡಿ, ಅಲೆ ಎಳೆದು ಅವರ ಗೂಟ ಕಿತ್ತುಬರುತ್ತದೆ. ಕಾಲುವೆಯಲ್ಲಿ ಮಿತಿಯೇ ಗಂಟೆಗೆ 4 ಮೈಲಿ, ಅಲ್ಲಿ ಇನ್ನೂ ನಿಧಾನ. ನೀರು ತುಂಬಿಸುವ ನಲ್ಲಿಯ ಹತ್ತಿರ ಅರಾಮಾಗಿ ಮಾತಾಡಿ, ಮುಂದೆ ಎಲ್ಲಿ ಆಳ ಕಡಿಮೆ, ಎಲ್ಲಿ ಕ್ಯೂ ಇದೆ ಎಲ್ಲ ಅಲ್ಲೇ ಗೊತ್ತಾಗುತ್ತದೆ.

ಇನ್ನೊಂದು ದೂರು. ಕಂಪನಿ ಕೊಟ್ಟ ನಕ್ಷೆಯಲ್ಲಿ ಹೋಗಲೂ ಬರಲೂ ಒಂದೇ ಸಮಯ ಹಾಕಿದ್ದಾರೆ. ಈ ಕಾಲುವೆ ಡೀ ನದಿಯ ನೀರನ್ನು ಹರ್ಲ್‌ಸ್ಟನ್ ಜಲಾಶಯಕ್ಕೆ ಒಯ್ಯುತ್ತದೆ, ಹಾಗಾಗಿ ಇಲ್ಲಿ ಹರಿವು ಇದೆ. ಲ್ಯಾಂಗೋಲೆನ್ ಕಡೆಗೆ ಹೋಗುವಾಗ ಎದುರು ನೀರು. ಚರ್ಕ್ ಸುರಂಗದೊಳಗಂತೂ ದೋಣಿ ತೆವಳುತ್ತದೆ. ಊರು ಹತ್ತಿರವಾದಂತೆ ಒಂದೇ ದೋಣಿ ಹಿಡಿಸುವಷ್ಟು ಕಿರಿದು, ಒಬ್ಬರು ದಡದಲ್ಲಿ ಮುಂದೆ ನಡೆದು ಎದುರಿಗೆ ಯಾರೂ ಬರುತ್ತಿಲ್ಲ ಅಂತ ನೋಡಿ ಫೋನ್ ಮಾಡಬೇಕು.

ಪಾಂಟ್‌ಕಸಲ್ತೆ ಮೇಲ್ಗಾಲುವೆ (ಕಾಲುವೆಯನ್ನೇ ನದಿಯ ಮೇಲೆ ದಾಟಿಸುವ ಸೇತುವೆ) ಬಗ್ಗೆ ಎಲ್ಲರೂ ಹೇಳುತ್ತಾರೆ, ಹೇಳಬೇಕಾದ್ದೇ. 1805ರದ್ದು, 307 ಮೀಟರ್ ಉದ್ದದ ಎರಕದ ಕಬ್ಬಿಣದ ತೊಟ್ಟಿ, ಕೆಳಗೆ 38 ಮೀಟರ್ ಆಳದಲ್ಲಿ ಡೀ ನದಿ. ಕಾಲುದಾರಿ ಕಡೆ ಕಂಬಿ ಇದೆ. ಇನ್ನೊಂದು ಕಡೆ ತೊಟ್ಟಿಯ ಅಂಚು ಬಿಟ್ಟರೆ ಏನೂ ಇಲ್ಲ! ಎತ್ತರ ಕಂಡರೆ ಭಯ ಇರುವವರು ಒಳಗೆ ಕೂತಿರಿ.

ಬುಕ್ ಮಾಡುವ ಮುಂಚೆ ಕೇಳಿ: ಲಾಕ್‌ನಲ್ಲಿ ನಿಂತು ತೋರಿಸುತ್ತಾರಾ, ಚಾಕು ಕೊಡುತ್ತಾರಾ, ಡೀಸೆಲ್ ಬಾಡಿಗೆಯಲ್ಲೇ ಸೇರಿದೆಯಾ. ಇಂಗ್ಲೆಂಡಿನ ಶಾಲಾ ರಜೆಯ ವಾರಗಳನ್ನು ಬಿಡಿ, ಮೇಲ್ಗಾಲುವೆ ಮುಂದೆ ಸುಮ್ನೆ ಕಾಯಬೇಕಾಗುತ್ತದೆ.